ಹಗರೆಯಿಂದ ಮುಂಬೈಗೆ, ಫೈಲು ಹಿಡಿದು

ತಂಗೀ, ನಿಮ್ಮದು ಅಮೆರಿಕದ ವಲಸೆ ವೀಸಾ. ಸಂದರ್ಶನ ಚೆನ್ನೈಯಲ್ಲಲ್ಲ, ಮುಂಬೈ ಕಾನ್ಸುಲೇಟಿನಲ್ಲಿ. ಕಾನ್ಸುಲೇಟ್ ಒಪ್ಪಿದ ವೈದ್ಯರಲ್ಲೇ ತಪಾಸಣೆ ಮೊದಲೇ ಮುಗಿಸಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಕಚೇರಿಯದ್ದೇ ಬೇಕು. ಠಾಣೆಯ ಚೀಟಿ ನಡೆಯದು.

ನನಗೆ ಆತಂಕ ಹುಟ್ಟಿಸಿದ್ದು ನಿಮ್ಮ ಹೆಸರು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ಬೇಲೂರಿನ ಮದುವೆ ನೋಂದಣಿಯಲ್ಲಿ ಎರಡೂ ಇಲ್ಲ! ಮೂವರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಿಡಿ. ಕನ್ನಡದ ಪ್ರಮಾಣಪತ್ರಕ್ಕೆ ದೃಢೀಕೃತ ಇಂಗ್ಲಿಷ್ ಅನುವಾದವೂ ಜೊತೆಗಿರಲಿ. ಯಜಮಾನರು ಸಹಿ ಮಾಡಿದ ಐ-864 (ನಿಮ್ಮ ಖರ್ಚಿಗೆ ಅವರೇ ಹೊಣೆ ಎನ್ನುವ ಪತ್ರ), ತೆರಿಗೆ ಕಾಗದ ಮರೆಯಬೇಡಿ.

ಮದುವೆಯ ಸಾಕ್ಷಿಗೆಂದು ಆಲ್ಬಮ್ ಪೂರ್ತಿ ಹೊರಬೇಡಿ. ಧಾರೆಯದೆರಡು, ಅತ್ತೆ-ಮಾವನ ಜೊತೆಗಿನದೊಂದು ಫೋಟೊ ಸಾಕು. ಸಂದರ್ಶನದ ಉತ್ತರ ಉರು ಹೊಡೆಯಬೇಡಿ, ಒಪ್ಪಿಸಿದಂತೆ ಕೇಳಿಸುತ್ತದೆ. ಮದುವೆಗೆ ಎರಡು ವರ್ಷ ತುಂಬುವ ಮೊದಲೇ ಅಲ್ಲಿಗೆ ಹೋದರೆ ಗ್ರೀನ್ ಕಾರ್ಡೂ ಎರಡೇ ವರ್ಷದ್ದು. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತು ತೆಗೆಸಲು ಇಬ್ಬರೂ ಸೇರಿ ಐ-751 ಅರ್ಜಿ ಹಾಕಿ.