"ವೈನ್ ತಾನೇ ಸಾರ್" ಎನ್ನುವ ಮುನ್ನ ಲೇಬಲ್ ಓದಿ

ಗುಂಡ್ಲುಪೇಟೆ ದಾಟಿ ಊಟಿಗೋ ಸುಲ್ತಾನ್ ಬತ್ತೇರಿಗೋ ಹೊರಟ ಕಾರನ್ನು ಚೆಕ್‌ಪೋಸ್ಟ್‌ನಲ್ಲಿ ತಡೆದು ಡಿಕ್ಕಿ ತೆಗೆಸಿದಾಗ ಬಾಟಲಿ ಸಿಕ್ಕರೆ, ಬಹಳ ಮಂದಿಯ ಬಾಯಲ್ಲಿ ಬರುವ ಮೊದಲ ಮಾತು "ಅದು ವೈನ್ ತಾನೇ ಸಾರ್, ಬ್ರಾಂದಿ ಅಲ್ವಲ್ಲ" ಎಂಬುದು. ಈ ಸಮಜಾಯಿಷಿಯಲ್ಲಿ ಅರ್ಧ ಸತ್ಯ ಇದೆ. ಎಷ್ಟು ಇಟ್ಟುಕೊಳ್ಳಬಹುದು ಎಂಬ ಲೆಕ್ಕದಲ್ಲಿ ವೈನ್ ಬೇರೆ, ಬ್ರಾಂದಿ ಬೇರೆ. ಗಡಿ ದಾಟಿಸುವುದು, ಕುಡಿದು ಗಾಡಿ ಓಡಿಸುವುದು, ಪರವಾನಗಿ ಇಲ್ಲದೆ ಮಾರುವುದು ಇವುಗಳ ವಿಷಯಕ್ಕೆ ಬಂದರೆ ಎರಡೂ ಒಂದೇ. ಇನ್ನು ಪೋರ್ಟ್ ವೈನ್ ಥರದ ಸಿಹಿ ವೈನ್ ಇದೆಯಲ್ಲ, ಅದು ಈ ಎರಡರ ನಡುವೆ ಕೂತಿರುವ ಮಾಲು. ಮೋಸ ಹೋಗುವವರು ಹೆಚ್ಚಾಗಿ ಅಲ್ಲೇ.

ಇದು ಅರ್ಥವಾಗಲು ನಮ್ಮ ಚಾಮರಾಜನಗರ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಕಳ್ಳಬಟ್ಟಿ ಅಡ್ಡೆಯ ಮೇಲೆ ದಾಳಿ ನಡೆದ ಸುದ್ದಿಯಲ್ಲಿ "ಇಷ್ಟು ಲೀಟರ್ ಬೆಲ್ಲದ ಕೊಳೆ, ಇಷ್ಟು ಲೀಟರ್ ಸಾರಾಯಿ ವಶ" ಎಂದು ಬರುತ್ತದೆ. ಆ ಸಾಲಿನಲ್ಲೇ ವ್ಯತ್ಯಾಸವೆಲ್ಲ ಅಡಗಿದೆ. ಬೆಲ್ಲದ ನೀರು ಹುದುಗಿದಾಗ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ, ಅದು ಕೊಳೆ. ಕೊಳೆಯನ್ನು ಕಾಯಿಸಿದರೆ ಸುಮಾರು 78 ಡಿಗ್ರಿಗೆ ಕುದಿಯುವ ಆಲ್ಕೋಹಾಲ್, 100 ಡಿಗ್ರಿಗೆ ಕುದಿಯುವ ನೀರಿಗಿಂತ ಮುಂದಾಗಿ ಆವಿಯಾಗುತ್ತದೆ. ಆ ಆವಿಯನ್ನು ಹಿಡಿದು ತಣಿಸಿದರೆ ಬಟ್ಟಿ ಇಳಿದ ಸಾರಾಯಿ. ದ್ರಾಕ್ಷಿ ರಸ ಹುದುಗಿ ಅಲ್ಲಿಗೇ ನಿಂತರೆ ವೈನ್. ಬ್ರಾಂದಿ, ವಿಸ್ಕಿ, ರಮ್, ಜಿನ್ ಎಲ್ಲವೂ ಬಟ್ಟಿ ಇಳಿದು ಬಂದವು. (ನಮ್ಮಲ್ಲಿ ಸಿಗುವ ಅಗ್ಗದ ಬ್ರಾಂದಿ ಬಹುಪಾಲು ದ್ರಾಕ್ಷಿಯ ಮುಖ ಕಂಡದ್ದೇ ಅಲ್ಲ, ಕಬ್ಬಿನ ಕಾಕಂಬಿಯ ಸ್ಪಿರಿಟ್‌ಗೆ ಬಣ್ಣ ರುಚಿ ಕಟ್ಟಿದ್ದು. ಅದು ಬೇರೆ ಕಥೆ.)

ಫೋರ್ಟಿಫೈಡ್ ವೈನ್ ಎಂದರೆ ಹುದುಗಿದ ದ್ರಾಕ್ಷಿ ರಸಕ್ಕೆ ಬಟ್ಟಿ ಇಳಿಸಿದ ಸ್ಪಿರಿಟ್ ಬೆರೆಸಿದ್ದು. ಪೋರ್ಚುಗಲ್‌ನ ದೋರು ಕಣಿವೆಯ ಪೋರ್ಟ್ ಇದರಲ್ಲಿ ಹೆಸರಾದದ್ದು. ಅಲ್ಲಿ ರಸ ಇನ್ನೂ ಹುದುಗುತ್ತಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿಯುತ್ತಾರೆ. ಆಲ್ಕೋಹಾಲ್ ಏರಿದ ಕೂಡಲೇ ಯೀಸ್ಟ್ ಸಾಯುತ್ತದೆ, ತಿನ್ನದೆ ಉಳಿದ ಸಕ್ಕರೆ ಸಕ್ಕರೆಯಾಗಿಯೇ ಇರುತ್ತದೆ. ಪೋರ್ಟ್ ಅಷ್ಟು ಸಿಹಿಯಾಗಿರುವುದು ಇದರಿಂದ. ಸ್ಪೇನಿನ ಶೆರ್ರಿಯಲ್ಲಿ ಹುದುಗುವಿಕೆ ಮುಗಿದ ಮೇಲೆ ಸ್ಪಿರಿಟ್ ಸೇರಿಸುವುದರಿಂದ ಅದರ ಹಲವು ಬಗೆಗಳು ಸಿಹಿಯೇ ಇರುವುದಿಲ್ಲ. ವೈನ್ ಹಡಗಿನ ದೂರದ ಪಯಣದಲ್ಲಿ ಕೆಡಬಾರದೆಂದು ಬೆಳೆದುಬಂದ ಪದ್ಧತಿ ಈ ಸ್ಪಿರಿಟ್ ಬೆರೆಸುವಿಕೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಬ್ಲೂ ದ್ರಾಕ್ಷಿಯಿಂದಲೂ ಪೋರ್ಟ್ ಹೆಸರಿನ ಸಿಹಿ ವೈನ್ ಮಾಡುತ್ತಾರೆ.

ಈಗ ಅಳತೆಗೆ ಬರೋಣ, ನಾಗರಿಕನಿಗೆ ಕೆಲಸಕ್ಕೆ ಬರುವುದು ಇದೇ. ಊಟದ ಜೊತೆ ಕುಡಿಯುವ ಸಾಮಾನ್ಯ ವೈನ್‌ನಲ್ಲಿ ಆಲ್ಕೋಹಾಲ್ ಶೇಕಡ 11ರಿಂದ 14ರ ಆಸುಪಾಸು. ಫೋರ್ಟಿಫೈಡ್ ವೈನ್ ಶೇಕಡ 15ರಿಂದ ಶುರುವಾಗಿ 20 ದಾಟುತ್ತದೆ. ಅಸಲಿ ಪೋರ್ಟ್ ಶೇಕಡ 19ರಿಂದ 22. ನಮ್ಮ ಅಂಗಡಿಗಳ ವಿಸ್ಕಿ, ಬ್ರಾಂದಿ, ರಮ್ ಸಾಮಾನ್ಯವಾಗಿ ಶೇಕಡ 42.8. ಶೇಕಡಾವಾರು ನೋಡಿದರೆ ಫೋರ್ಟಿಫೈಡ್ ವೈನ್ ಸೌಮ್ಯ ಅನ್ನಿಸಬಹುದು. ಆದರೆ ಅದನ್ನು ಯಾರೂ ಪೆಗ್ ಅಳತೆಯಲ್ಲಿ ಕುಡಿಯುವುದಿಲ್ಲ. 60 ಎಂಎಲ್ ಬ್ರಾಂದಿಯಲ್ಲಿ ಶುದ್ಧ ಆಲ್ಕೋಹಾಲ್ 25 ಎಂಎಲ್ ಚಿಲ್ಲರೆ. ಶೇಕಡ 18ರ ಸಿಹಿ ವೈನನ್ನು 150 ಎಂಎಲ್ ಲೋಟಕ್ಕೆ ಬಗ್ಗಿಸಿಕೊಂಡರೆ 27 ಎಂಎಲ್. ಅದೇ ವೈನ್‌ನ 750 ಎಂಎಲ್ ಬಾಟಲಿ ಪೂರ್ತಿ ಖಾಲಿಯಾದರೆ 135 ಎಂಎಲ್. ಒಂದು ಕ್ವಾರ್ಟರ್ ಬ್ರಾಂದಿಯಲ್ಲಿರುವುದು 77. "ಹೆಣ್ಣುಮಕ್ಕಳೂ ಕುಡಿಯೋ ಸಿಹಿ ವೈನು, ಏನೂ ಆಗಲ್ಲ" ಎಂದು ಮದುವೆ ಮನೆಯ ಹಿತ್ತಲಲ್ಲಿ ಹೇಳುವವರು ಈ ಲೆಕ್ಕ ಮಾಡಿರುವುದಿಲ್ಲ.

ಲೆಕ್ಕ ಮಾಡದವರಿಗೆ ಉಸಿರು ಊದಿಸುವ ಯಂತ್ರ ಲೆಕ್ಕ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಅಪರಾಧ. ಅದು ವೈನ್‌ನಿಂದ ಬಂತೋ ರಮ್‌ನಿಂದ ಬಂತೋ ಎಂದು ಕಲಂ ಕೇಳುವುದಿಲ್ಲ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷ, 15,000 ರೂಪಾಯಿವರೆಗೆ.

ರಾಜ್ಯದ ಮೂಲ ಕಾನೂನು 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ ಮದ್ಯದ ವ್ಯಾಖ್ಯೆಯಲ್ಲಿ ಸ್ಪಿರಿಟ್, ವೈನ್, ಬಿಯರ್, ಸೇಂದಿ ಎಲ್ಲ ಒಳಗೊಂಡಿವೆ. ಆಲ್ಕೋಹಾಲ್ ಇರುವ ಯಾವ ದ್ರವವೂ ತಪ್ಪಿಸಿಕೊಳ್ಳುವುದಿಲ್ಲ. ಮನೆಯಲ್ಲಿ ಅಥವಾ ಪ್ರಯಾಣದಲ್ಲಿ ಒಬ್ಬರು ಪರವಾನಗಿ ಇಲ್ಲದೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದನ್ನು ನಿಯಮಗಳು ಬಗೆಬಗೆಗೆ ಬೇರೆಯಾಗಿ ಹೇಳುತ್ತವೆ. ವಿಸ್ಕಿ, ಬ್ರಾಂದಿ, ರಮ್‌ನಂಥ ಭಾರತೀಯ ಮದ್ಯ 2.3 ಲೀಟರ್. ಅಂದರೆ ಮೂರು ಫುಲ್ ಬಾಟಲಿ ಸರಿ, ನಾಲ್ಕನೆಯದು ತಪ್ಪು. ಬಿಯರ್ 18.2 ಲೀಟರ್, 650 ಎಂಎಲ್‌ನ 28 ಬಾಟಲಿ. ವೈನ್‌ಗೆ ಬೇರೆಯದೇ ಮಿತಿ. ಸಮಾರಂಭಕ್ಕೆಂದು ಹೆಚ್ಚು ಕೊಳ್ಳುವವರು ಮೊದಲು ಅಬಕಾರಿ ವಲಯ ಕಚೇರಿಯಲ್ಲಿ ಇವತ್ತಿನ ಮಿತಿ ಕೇಳಿಕೊಂಡು, ಬೇಕಿದ್ದರೆ ಸಾಂದರ್ಭಿಕ ಪರವಾನಗಿ ಪಡೆಯಿರಿ. ಮಿತಿಯೊಳಗೆ ಇದ್ದರೂ ಬಿಲ್ ಜೊತೆಗಿರಲಿ. ಮಾಲು ಪರವಾನಗಿ ಇರುವ ಅಂಗಡಿಯದು ಎಂದು ತೋರಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಕೊಳ್ಳುವವರ ವಯಸ್ಸು ಅಬಕಾರಿ ಪರವಾನಗಿ ನಿಯಮದ ಪ್ರಕಾರ 21 ತುಂಬಿರಬೇಕು. 2023ರ ಜನವರಿಯಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಹೊರಬಿತ್ತು, ಜನರಿಂದ ವಿರೋಧ ಬಂದು ಸರ್ಕಾರ ವಾಪಸ್ ಪಡೆಯಿತು. ಕರಡು ನಿಯಮಕ್ಕೆ ಆಕ್ಷೇಪಣೆ ಬರೆದರೆ ಪ್ರಯೋಜನವಿಲ್ಲ ಎನ್ನುವವರಿಗೆ ಇದು ಉತ್ತರ.

ಅಂಗಡಿಯಲ್ಲಿ ನಿಮ್ಮ ಹಕ್ಕೇನು? ಆಹಾರ ಸುರಕ್ಷತಾ ಕಾಯ್ದೆ ಮದ್ಯವನ್ನೂ ಆಹಾರವೆಂದೇ ಎಣಿಸುತ್ತದೆ. ಅದರಡಿ 2018ರಲ್ಲಿ ಬಂದು 2019ರ ಏಪ್ರಿಲ್ 1ರಿಂದ ಜಾರಿಯಾದ ಮದ್ಯ ಪಾನೀಯಗಳ ನಿಯಮಾವಳಿ ಪ್ರಕಾರ ಲೇಬಲ್ ಮೇಲೆ ಆಲ್ಕೋಹಾಲ್ ಪ್ರಮಾಣ ಮತ್ತು ಆರೋಗ್ಯದ ಎಚ್ಚರಿಕೆ ಇರಲೇಬೇಕು. ಬಾಟಲಿಯ ಹಿಂಬದಿಯ ಸಣ್ಣಕ್ಷರದಲ್ಲಿ ಶೇಕಡ 12 ಎಂದಿದ್ದರೆ ಅದು ಬರೀ ವೈನ್. 17, 18 ಎಂದಿದ್ದರೆ ಸ್ಪಿರಿಟ್ ಸೇರಿದೆ ಎಂದು ತಿಳಿಯಿರಿ. ಮುಂಬದಿಯ ದ್ರಾಕ್ಷಿ ಗೊಂಚಲಿನ ಚಿತ್ರ ಎರಡರಲ್ಲೂ ಒಂದೇ ಥರ ಇರುತ್ತದೆ. ಕಲಬೆರಕೆ ಅನುಮಾನ ಬಂದರೆ ಆ ಕಾಯ್ದೆಯ 40ನೇ ಕಲಂ ಅಡಿ ಗ್ರಾಹಕರೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು. ಸಿಎಲ್-2 ಪರವಾನಗಿಯ ಚಿಲ್ಲರೆ ಮದ್ಯದಂಗಡಿ ಮತ್ತು ಸರ್ಕಾರಿ ಎಂಎಸ್‌ಐಎಲ್ ಮಳಿಗೆಗಳಲ್ಲಿ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ, ಅಲ್ಲೇ ಕೂರಿಸಿ ಕುಡಿಸುವಂತೆಯೂ ಇಲ್ಲ. ಹೆಚ್ಚು ಕಿತ್ತುಕೊಂಡರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಮನೆಯಲ್ಲಿ ವೈನ್ ಮಾಡುವವರ ವಿಷಯ ಸ್ವಲ್ಪ ಮುಜುಗರದ್ದು. ಕ್ರಿಸ್‌ಮಸ್‌ಗೆಂದು ಜಾಡಿಯಲ್ಲಿ ದ್ರಾಕ್ಷಿ ಹಾಕಿಡುವ ಮನೆಗಳು ಇವೆ, ಅದರ ಬಗ್ಗೆ ಯಾರೂ ತಲೆಕೆಡಿಸಿಕೊಂಡಂತೆ ಕಾಣುವುದಿಲ್ಲ. ಆದರೆ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಮಾರಿದರೆ ಇನ್ನೊಂದು ಅಪರಾಧ. ಜಾಡಿಯ ವೈನ್‌ಗೆ ಬ್ರಾಂದಿ ಬೆರೆಸಿ "ಪೋರ್ಟ್" ಮಾಡುವವರಿಗೂ ಇದೇ ಮಾತು. ಇನ್ನು ಬಟ್ಟಿ ಇಳಿಸುವುದಂತೂ ಆಟದ ಮಾತಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿದೆ. ಮರುವರ್ಷವೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ಮಾಲಿನಲ್ಲಿ ವಿಷಕಾರಿ ಮೆಥನಾಲ್ ಬೆರೆತದ್ದು ಮೂಗಿಗೂ ನಾಲಗೆಗೂ ಗೊತ್ತಾಗುವುದಿಲ್ಲ.

ಗಡಿಯ ಮಾತು ಗುಂಡ್ಲುಪೇಟೆಯವರಿಗೆ ದಿನದ ಮಾತು. ಒಂದು ರಸ್ತೆ ಮದ್ದೂರು, ಮೂಲೆಹೊಳೆ ದಾಟಿ ವಯನಾಡಿಗೆ, ಇನ್ನೊಂದು ಬಂಡೀಪುರ, ಕೆಕ್ಕನಹಳ್ಳ ದಾಟಿ ನೀಲಗಿರಿಗೆ. ಚಾಮರಾಜನಗರದಿಂದ ಪುಣಜನೂರು ದಾಟಿದರೆ ಸತ್ಯಮಂಗಲದ ಕಡೆ. ಆಚೆ ಹೋದ ಕೂಡಲೇ ಕರ್ನಾಟಕದ 2.3 ಲೀಟರ್ ಲೆಕ್ಕ ಮುಗಿಯಿತು. ಕೇರಳದಲ್ಲಿ ಅಬಕಾರಿ ಕಾಯ್ದೆ ಬೇರೆ, ಅಲ್ಲಿ ಕನಿಷ್ಠ ವಯಸ್ಸು 23. ತಮಿಳುನಾಡಿನಲ್ಲಿ ಈಗಲೂ ನಡೆಯುವುದು 1937ರ ಪಾನನಿಷೇಧ ಕಾಯ್ದೆ. ಹೊರಗಿನ ಬಾಟಲಿ ಕಂಡರೆ ಕೇಸು ಹಾಕಲು ಅವರಿಗೆ ಅಷ್ಟು ಸಾಕು. ಅಲ್ಲಿಂದ ಇಲ್ಲಿಗೆ ಅನುಮತಿ ಇಲ್ಲದೆ ತರುವುದನ್ನೂ ನಮ್ಮ ಕಾಯ್ದೆ ತಡೆಯುತ್ತದೆ. ಕಾಡಿನ ರಸ್ತೆಬದಿ ಕಾರು ನಿಲ್ಲಿಸಿ ಬಾಟಲಿ ತೆಗೆಯುವವರು ಎರಡೆರಡು ತಪ್ಪು ಒಟ್ಟಿಗೆ ಮಾಡುತ್ತಾರೆ: ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದು ಅಬಕಾರಿ ಕಾಯ್ದೆಯ 15-ಎ ಕಲಂಗೆ ವಿರುದ್ಧ, ಹುಲಿ ಸಂರಕ್ಷಿತ ಪ್ರದೇಶದಲ್ಲಿ ಗಾಡಿ ನಿಲ್ಲಿಸುವುದು ಅರಣ್ಯ ಇಲಾಖೆಯ ನಿಯಮಕ್ಕೆ ವಿರುದ್ಧ.

ತಪಾಸಣೆಯ ವಿಷಯದಲ್ಲಿ ಕರ್ನಾಟಕದ್ದೇ ಒಂದು ಮುಖ್ಯ ತೀರ್ಪಿದೆ: ಕೆ.ಎಲ್. ಸುಬ್ಬಯ್ಯ ವಿರುದ್ಧ ಕರ್ನಾಟಕ ರಾಜ್ಯ, ಸುಪ್ರೀಂ ಕೋರ್ಟ್, 1979. ಅಬಕಾರಿ ಇನ್ಸ್‌ಪೆಕ್ಟರ್ ವಾರಂಟ್ ಇಲ್ಲದೆ ಕಾರನ್ನು ಶೋಧಿಸಿ ಮದ್ಯ ಹಿಡಿದಿದ್ದರು. ವಾರಂಟ್ ತರಲು ಹೋದರೆ ಆರೋಪಿ ತಪ್ಪಿಸಿಕೊಳ್ಳುತ್ತಾನೆ ಅಥವಾ ಸಾಕ್ಷ್ಯ ಬಚ್ಚಿಡುತ್ತಾನೆ ಎಂದು ನಂಬಲು ಕಾರಣವಿದ್ದರೆ, ಆ ಕಾರಣವನ್ನು ಮೊದಲು ಬರೆದಿಟ್ಟು ಶೋಧಿಸಬಹುದು ಎಂದು ಅಬಕಾರಿ ಕಾಯ್ದೆಯ 54ನೇ ಕಲಂ ಹೇಳುತ್ತದೆ. ಇನ್ಸ್‌ಪೆಕ್ಟರ್ ಏನೂ ಬರೆದಿರಲಿಲ್ಲ. ಶೋಧವೇ ಅಧಿಕಾರವಿಲ್ಲದ್ದು ಎಂದು ಕೋರ್ಟ್ ಶಿಕ್ಷೆಯನ್ನು ರದ್ದು ಮಾಡಿತು. ಹಾಗೆಂದು ರಸ್ತೆಯಲ್ಲಿ ನಿಂತು ಈ ತೀರ್ಪು ಹೇಳಿ ಜಗಳಕ್ಕೆ ನಿಲ್ಲಬೇಡಿ; ಅದು ನಿಮ್ಮ ವಕೀಲರು ಕೋರ್ಟಿನಲ್ಲಿ ಆಡುವ ಮಾತು. ಚೆಕ್‌ಪೋಸ್ಟ್‌ನಲ್ಲಿ ನೀವು ಮಾಡಬೇಕಾದ ಕೆಲಸ ಬೇರೆ. ಜಪ್ತಿ ಪಟ್ಟಿಯಲ್ಲಿ ಬಾಟಲಿಯ ಹೆಸರು, ಅಳತೆ, ಎಣಿಕೆ, ಬ್ಯಾಚ್ ಸಂಖ್ಯೆ ಸರಿಯಾಗಿ ಬರೆದಿದ್ದಾರಾ ಎಂದು ಓದಿ, ಆಮೇಲೆ ಸಹಿ ಮಾಡಿ. ವೈನ್ ಬಾಟಲಿಯನ್ನು "ಮದ್ಯ" ಎಂದಷ್ಟೇ ಬರೆದಿದ್ದರೆ ವೈನ್ ಎಂದು ಬರೆಸಿ, ಏಕೆಂದರೆ ಮಿತಿ ಬೇರೆ. ಖಾಲಿ ಹಾಳೆಗೆ ಸಹಿ ಬೇಡ. ಪ್ರತಿ ಕೇಳಿ ಪಡೆಯಿರಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ಮೊಬೈಲಿನಲ್ಲಾದರೂ ವಿಡಿಯೊ ಮಾಡಬೇಕು ಎನ್ನುತ್ತದೆ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು.

ವಾಹನ ಜಪ್ತಿಯಾದರೆ ಕೈಚೆಲ್ಲಿ ಕೂರಬೇಡಿ. ಮುಟ್ಟುಗೋಲಿಗೆ ಮುನ್ನ ಮಾಲೀಕರಿಗೆ ಲಿಖಿತ ನೋಟಿಸ್ ಕೊಟ್ಟು ಅಹವಾಲು ಕೇಳಬೇಕು. ಬಾಡಿಗೆಗೆ ಬಿಟ್ಟ ಆಟೊ, ಗೂಡ್ಸ್ ಗಾಡಿಯಲ್ಲಿ ತನಗೆ ತಿಳಿಯದೆ ಮಾಲು ಸಾಗಿಸಿದರು, ತಾನು ಬೇಕಾದ ಎಚ್ಚರಿಕೆ ವಹಿಸಿದ್ದೆ ಎಂದು ಮಾಲೀಕ ತೋರಿಸಿಕೊಟ್ಟರೆ ಗಾಡಿ ಉಳಿಯುತ್ತದೆ. ಆದೇಶ ವಿರುದ್ಧ ಬಂದರೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಗಡುವು ದಾಟಿದರೆ ಕಷ್ಟ, ಆದ್ದರಿಂದ ನೋಟಿಸ್ ಬಂದ ದಿನವೇ ವಕೀಲರನ್ನು ಕಾಣಿ.

ಇನ್ನು ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಟೆಟ್ರಾ ಪ್ಯಾಕ್ ಮದ್ಯ ಮಾರುವ ಪಿಡುಗು. ದೂರು ಬಾಯಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಗುಂಡ್ಲುಪೇಟೆ ವಲಯ ಕಚೇರಿಗೋ ಚಾಮರಾಜನಗರದ ಅಬಕಾರಿ ಉಪ ಆಯುಕ್ತರಿಗೋ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಕ್ರಮ ಕಾಣದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ; 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ. ಶಾಲೆ, ಆಸ್ಪತ್ರೆ, ದೇವಸ್ಥಾನ, ಪರಿಶಿಷ್ಟರ ಕಾಲೊನಿಯಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ನಿಯಮ ಅವಕಾಶ ಕೊಡುವುದಿಲ್ಲ. ಹೊಸ ಅಂಗಡಿ ಬರುತ್ತಿದೆ ಎಂದು ಗೊತ್ತಾದರೆ ತೆರೆಯುವ ಮೊದಲೇ ಆಕ್ಷೇಪಣೆ ಕೊಡಿ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬರುವವರನ್ನು ಕೋರ್ಟಿನ ಆವರಣದಲ್ಲಿ ಕಾಣುತ್ತಲೇ ಇರುತ್ತೇವೆ. ಅದರ ಅಗತ್ಯವಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಪಡೆಯಬಹುದು; ಉಳಿದವರಿಗೆ ಆದಾಯದ ಮಿತಿ ಇದೆ. ಚಾಮರಾಜನಗರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು, ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಸಮಿತಿಯನ್ನು ನ್ಯಾಯಾಲಯದಲ್ಲಿ ವಿಚಾರಿಸಿ. ಫೋನಿನಲ್ಲಾದರೆ ಸಂಖ್ಯೆ 15100, ಕರೆಗೆ ಶುಲ್ಕವಿಲ್ಲ.