ತೆರೆದ ಬಾಯಿ ಮುಚ್ಚದಿದ್ದರೆ

ದೊಡ್ಡದಾಗಿ ಆಕಳಿಸಿದಾಗ, ವಾಂತಿ ಮಾಡುವಾಗ ಅಥವಾ ಹಲ್ಲಿನ ಚಿಕಿತ್ಸೆಗೆ ಬಹಳ ಹೊತ್ತು ಬಾಯಿ ತೆರೆದಾಗ ಕೆಲವರ ದವಡೆ ಹಾಗೆಯೇ ಸಿಕ್ಕಿಕೊಳ್ಳುತ್ತದೆ. ಕಿವಿಯ ಮುಂದಿನ ಕೀಲಿನಲ್ಲಿ ಕೆಳದವಡೆಯ ತುದಿ ಗುಳಿಯಿಂದ ಜಾರಿ, ಮುಂದಿರುವ ಮೂಳೆಯ ಉಬ್ಬನ್ನು ದಾಟಿ ನಿಲ್ಲುತ್ತದೆ. ಬಿಗಿದ ಸ್ನಾಯುಗಳು ಅದನ್ನು ಮರಳಲು ಬಿಡುವುದಿಲ್ಲ. ಜೊಲ್ಲು ಸುರಿಯುತ್ತದೆ, ಮಾತು ಅಸ್ಪಷ್ಟವಾಗುತ್ತದೆ. ಒಂದೇ ಬದಿ ಜಾರಿದ್ದರೆ ಗದ್ದ ಇನ್ನೊಂದು ಬದಿಗೆ ವಾಲುತ್ತದೆ.

ಆಗ ಮನೆಯವರು ಗದ್ದವನ್ನು ಮೇಲಕ್ಕೆ ಒತ್ತುವುದುಂಟು, ಕೆನ್ನೆಗೆ ಹೊಡೆಯುವುದೂ ಉಂಟು. ಎರಡೂ ತಪ್ಪು. ದವಡೆ ಮೊದಲು ಕೆಳಕ್ಕೆ, ನಂತರ ಹಿಂದಕ್ಕೆ ಸರಿಯಬೇಕು. ಇದನ್ನು ಕೈಯಿಂದ ಸರಿಪಡಿಸುವ ಬಗೆಯನ್ನು ಕಾರ್ಡೊಬಾದ ವೈದ್ಯ ಅಲ್-ಝಹ್ರಾವಿ ಸಾವಿರ ವರ್ಷಗಳ ಹಿಂದೆಯೇ ‘ಅತ್ತಸ್ರೀಫ್’ ಗ್ರಂಥದಲ್ಲಿ ಬರೆದಿದ್ದಾರೆ. ಆದರೆ ಅದು ಕಲಿತ ಕೈಯ ಕೆಲಸ. ಪೆಟ್ಟಿನಿಂದ ಹೀಗಾಗಿದ್ದರೆ ಮೂಳೆ ಮುರಿದಿರಲೂಬಹುದು.

ನೀವು ಮಾಡಬೇಕಾದದ್ದು ಇಷ್ಟು: ರೋಗಿಯನ್ನು ಕೂರಿಸಿ, ಧೈರ್ಯ ಹೇಳಿ. ಜೊಲ್ಲು ಹೊರಗೆ ಹರಿಯಲು ತಲೆಯನ್ನು ತುಸು ಮುಂದಕ್ಕೆ ಬಾಗಿಸಿ. ಗದ್ದಕ್ಕೆ ಮೆತ್ತನೆಯ ಬಟ್ಟೆಯ ಆಸರೆ ಕೊಡಿ. ಅನ್ನ, ನೀರು ಕೊಡಬೇಡಿ. ತಡವಾದಷ್ಟೂ ಸ್ನಾಯು ಬಿಗಿಯುತ್ತದೆ; ಕೂಡಲೇ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.

ಸರಿಯಾದ ಮೇಲೆ ಕೆಲವು ವಾರ ಗಂಜಿಯಂಥ ಮೆತ್ತನೆಯ ಆಹಾರ, ಸಣ್ಣ ತುತ್ತು ಸಾಕು. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಹಿಡಿಯಿರಿ. ಒಮ್ಮೆ ಜಾರಿದ ದವಡೆ ಮತ್ತೆ ಜಾರಬಹುದು.