ಹೆಸರಿನಿಂದ ವರ್ಣನೆಯೆಡೆಗೆ: ವಾಕ್‌ಚಿಕಿತ್ಸೆಯಲ್ಲಿ ಶಬ್ದಸಂಪತ್ತು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠವನ್ನು ಕೊಂಡಾಡುವ ಕ್ರಿ.ಶ. 1162ರ ಶಾಸನವು ಅಲ್ಲಿ ನಡೆಯುತ್ತಿದ್ದ ವ್ಯಾಕರಣಗಳ ವ್ಯಾಸಂಗವನ್ನು ಹೇಳುವುದರೊಡನೆ, ಕುಂಟರು, ಕುರುಡರು, ಕಿವುಡರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದು ತಿಳಿಸುತ್ತದೆ. ಶಬ್ದಶಾಸ್ತ್ರವೂ ಕಿವುಡನ ಊಟವೂ ಒಂದೇ ಆವರಣದಲ್ಲಿದ್ದವು. ಕಿವುಡನಿಗೆ ಶಬ್ದವನ್ನೇ ಕಲಿಸುವ ಶಾಸ್ತ್ರವು ಈ ನಾಡಿನಲ್ಲಿ ನೆಲೆಗೊಂಡುದು ಬಹುಕಾಲದ ಮೇಲೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾದುದು 1965ರಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ವಾಕ್ ಮತ್ತು ಭಾಷಾ ನ್ಯೂನತೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿತು.

ಆದರೆ ಶಿಕಾರಿಪುರ, ಸೊರಬಗಳ ಹಳ್ಳಿಯ ಮಗುವಿಗೆ ಮೈಸೂರು ದೂರ. ತಜ್ಞರು ತೋರಿದ ಮಾರ್ಗವನ್ನು ದಿನನಿತ್ಯ ನಡೆಸಬೇಕಾದವರು ಅಧ್ಯಾಪಕರು ಮತ್ತು ಮನೆಯವರು. ಭಾಷೆ ಹಿಂದುಳಿದ ಮಗು ಸದಾ ಮೂಕವಾಗಿರುವುದಿಲ್ಲ. 'ಅದು', 'ಇದು', 'ಹಂಗೈತಿ' ಎಂಬಷ್ಟರಲ್ಲೇ ಅದರ ದಿನ ಸಾಗುತ್ತದೆ. ಉತ್ತರ ತಿಳಿದಿದ್ದರೂ ಪದ ದೊರೆಯದೆ ಸುಮ್ಮನಾಗುತ್ತದೆ. ದಡ್ಡನೆಂಬ ಹೆಸರು ಹೊತ್ತು ಕೊನೆಯ ಸಾಲಿಗೆ ಸೇರುತ್ತದೆ. ಶ್ರವಣಪರೀಕ್ಷೆಯನ್ನೂ ಮಾಡಿಸದೆ ಹೀಗೆ ತೀರ್ಮಾನಿಸುವುದು ಅನ್ಯಾಯವೇ ಸರಿ.

ಇಂತಹ ಮಗುವಿಗೆ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಪಟ್ಟಿ ಬರುತ್ತದೆ, ಮಾತು ಬರುವುದಿಲ್ಲ. ಕೈಗೆ ವಸ್ತು ಬರಬೇಕು. ಸೊರಬದ ಕಡೆಯ ತೋಟದಲ್ಲಿ ಬಿದ್ದಿರುವ ಅಡಿಕೆಯ ಹಾಳೆಯನ್ನೇ ತೆಗೆದುಕೊಳ್ಳಬಹುದು. (ಪುಸ್ತಕದ ಹಾಳೆಗಿಂತ ಮೊದಲು ಈ ಹಾಳೆಯನ್ನು ಕಂಡ ಮಕ್ಕಳು ಇಲ್ಲಿ ಅನೇಕರು.) "ಏನೋ ತಮ್ಮಾ, ಇದು ಹೆಂಗಿದೆ?" ಎಂದರೆ ಮಗು ತಡವರಿಸುತ್ತದೆ. ಪ್ರಶ್ನೆ ತೀರ ದೊಡ್ಡದು. "ಒರಟೋ, ನುಣುಪೋ?" ಎಂದು ಎರಡನ್ನು ಮುಂದಿಟ್ಟು, ಮುಟ್ಟಿಸಿ, ಕಾಯಬೇಕು. ಕಾಯುವುದೇ ಕಠಿಣ, ಅವಸರದ ಅಧ್ಯಾಪಕರು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಮಗು "ಹಾಳೆ" ಎಂದರೆ "ಹೌದು, ಒಣಗಿದ ಹಾಳೆ" ಎಂದು ಒಂದು ಪದವನ್ನು ಕೂಡಿಸಿ ಹಿಂದಿರುಗಿಸಬೇಕು. ನೀರಿನಲ್ಲಿ ನೆನೆಸಿದರೆ "ನೆನೆದ ಹಾಳೆ, ಮೆತ್ತಗಾಯಿತು". ಮಡಚಿದರೆ "ಮಡಚಿದ ಹಾಳೆ". ಅದರಿಂದ ತಟ್ಟೆಯಾಗುತ್ತದೆ, ಅದರ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬನು ಎಳೆಯುತ್ತಾನೆ. ಉಪಯೋಗ, ಆಕಾರ, ಸ್ಪರ್ಶ, ದೊರೆಯುವ ಸ್ಥಳ ಎಲ್ಲವೂ ಆಟದಲ್ಲಿಯೇ ಮಾತಾಗುತ್ತವೆ.

ಇಲ್ಲಿ ಕನ್ನಡದ ಜಾಯಮಾನವನ್ನು ಗಮನಿಸಬೇಕು. ಇಂಗ್ಲಿಷಿನಿಂದ ಅನುವಾದಿಸಿದ ಗುಣವಾಚಕಗಳ ಪಟ್ಟಿ ನಮ್ಮ ಮಕ್ಕಳಿಗೆ ಸಾಲದು. ಕನ್ನಡದ ವರ್ಣನೆಯ ಬಹುಪಾಲು ಒಣಗಿದ, ಹರಿದ, ಬಾಡಿದ, ಉಕ್ಕುವ ಎಂಬಂತಹ ಕೃದಂತಗಳಲ್ಲಿದೆ. ನುಣ್ಣಗೆ, ತಣ್ಣಗೆ, ಕೆಂಪಗೆ ಎಂಬ ರೂಪಗಳಲ್ಲಿದೆ. ಜಿಟಿಜಿಟಿ, ಪಟಪಟ, ಗರಿಗರಿ ಎಂಬ ಜೋಡಿನುಡಿಗಳಲ್ಲಿದೆ. ಕ್ರಿಯೆಯನ್ನು ಕಣ್ಣಾರೆ ಕಂಡ ಮಗುವಿಗೆ 'ಒಣಗಿತು' ಎಂಬುದರಿಂದ 'ಒಣಗಿದ'ಕ್ಕೆ ಒಂದೇ ಹೆಜ್ಜೆ.

ಮಗು ತಪ್ಪಿ ನುಡಿದಾಗ "ತಪ್ಪು, ಮತ್ತೆ ಹೇಳು" ಎಂದು ತರಗತಿಯೆದುರು ನಿಲ್ಲಿಸುವುದು ಬೇಡ. ಸರಿಯಾದ ರೂಪವನ್ನು ಸಹಜವಾಗಿ ಕೇಳಿಸಿದರೆ ಸಾಕು. ಮನೆಯ ಮಾತನ್ನೂ ಹಳಿಯಬಾರದು. 'ಐತಿ' ಎಂದು ವರ್ಣಿಸಬಲ್ಲ ಮಗು ಮುಂದೆ 'ಇದೆ' ಎಂದು ಬರೆಯಲು ಕಲಿಯುತ್ತದೆ.

ಕೆಲವು ವಾರಗಳ ಅಭ್ಯಾಸದ ಬಳಿಕ ವಸ್ತುವನ್ನು ಚೀಲದಲ್ಲಿ ಅಡಗಿಸಬಹುದು. ಕೊನೆಯ ಸಾಲಿನ ಬಾಲಕನು ಅದರೊಳಗೆ ಕೈಯಿಟ್ಟು, ಹೆಸರು ಹೇಳದೆ ವರ್ಣಿಸಬೇಕು. ಉಳಿದವರು ಅವನ ಮಾತನ್ನೇ ಆಲಿಸಿ ಊಹಿಸಬೇಕು. ಆಗ ವಸ್ತುವನ್ನು ಬಲ್ಲವನು ಅವನೊಬ್ಬನೇ. ಇಡೀ ತರಗತಿ ಅವನ ಬಾಯನ್ನು ನೋಡುತ್ತ ಕುಳಿತಿರುತ್ತದೆ.